ಸ್ವೆಟರಿನ ಆಯಸ್ಸು, ಹುಲ್ಲುಗಾವಲಿನ ಆಯಸ್ಸು

ಪರಿಸರದ ಬಗೆಗೆ ಕಾಳಜಿಯುಳ್ಳವರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಪ್ಲಾಸ್ಟಿಕ್ ಕೆಟ್ಟದ್ದು, ಪ್ರಕೃತಿಯಿಂದ ಬಂದದ್ದು ಒಳ್ಳೆಯದು ಎಂಬುದೇ ಆ ನಂಬಿಕೆ. ಹತ್ತಿ, ರೇಷ್ಮೆ, ಉಣ್ಣೆ, ಸೆಣಬು ಇವೆಲ್ಲ ಮಣ್ಣಿನಿಂದ ಬಂದು ಮಣ್ಣಿಗೇ ಸೇರುವಂಥವು. ಆದುದರಿಂದ ಇವುಗಳನ್ನು ಎಷ್ಟು ಬಳಸಿದರೂ ದೋಷವಿಲ್ಲ ಎಂದು ಚಳವಳಿಯ ಸಭೆಗಳಲ್ಲಿಯೂ ಶಾಲೆಗಳ ಭಾಷಣಗಳಲ್ಲಿಯೂ ಮತ್ತೆ ಮತ್ತೆ ಹೇಳಲಾಗುತ್ತದೆ. ಈ ಮಾತಿನಲ್ಲಿರುವುದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ಅರಿಯಲು, ಜಗತ್ತಿನ ಅತ್ಯಂತ ನವಿರಾದ ಉಣ್ಣೆಗಳಲ್ಲಿ ಒಂದಾದ ಕ್ಯಾಶ್‌ಮೀರ್ ಅಥವಾ ಪಶ್ಮಿನಾ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾವ ನೆಲ ಸವೆಯುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಇದು ಮಲೆನಾಡಿಗೆ ಸಂಬಂಧವಿಲ್ಲದ ದೂರದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಚಳಿಗಾಲ ಕಾಲಿಟ್ಟೊಡನೆ ಪೇಟೆಗಳ ಬಯಲಿನಲ್ಲಿ ಸ್ವೆಟರ್ ಅಂಗಡಿಗಳು ಏಳುತ್ತವೆ. ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ ಕುಟುಂಬಗಳು ಹಲವು ದಶಕಗಳಿಂದ ನಡೆಸಿಕೊಂಡು ಬಂದಿರುವ ವ್ಯಾಪಾರವಿದು. ಅಲ್ಲಿ ಮಾರಾಟವಾಗುವ ಸರಕಿನಲ್ಲಿ ಹೆಚ್ಚಿನದು ಲೂಧಿಯಾನದ ಹೆಣಿಗೆ ಗಿರಣಿಗಳಿಂದ ಬಂದದ್ದು; ಅದರಲ್ಲಿ ಅಕ್ರಿಲಿಕ್ ನೂಲಿನದೇ ದೊಡ್ಡ ಪಾಲು. ಇನ್ನು ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರು ಸೇರಿದ ತರುಣರು ಅಲ್ಲಿನ ಮಳಿಗೆಗಳಲ್ಲಿ ‘ಕ್ಯಾಶ್‌ಮೀರ್’ ಎಂಬ ಚೀಟಿಯುಳ್ಳ ಸ್ವೆಟರುಗಳನ್ನು ಕಾಣುತ್ತಾರೆ. ಒಂದು ಕಾಲಕ್ಕೆ ಅರಸರ ಹೆಗಲ ಮೇಲಿದ್ದ ವಸ್ತು ಇಂದು ಮಧ್ಯಮ ವರ್ಗದ ಕೈಗೆಟಕುವಷ್ಟು ಅಗ್ಗವಾಗಿದೆ. ಅದು ಅಗ್ಗವಾದುದು ಹೇಗೆ ಎಂಬ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದು ವಿರಳ.

ಚಾಂಗ್‌ಥಾಂಗಿನ ಮೇಕೆ

ಲಡಾಖಿನ ಪೂರ್ವಭಾಗದಿಂದ ಟಿಬೆಟಿನೊಳಕ್ಕೆ ಹಬ್ಬಿರುವ ಎತ್ತರದ ಬಯಲಿಗೆ ಚಾಂಗ್‌ಥಾಂಗ್ ಎಂದು ಹೆಸರು. ಸಮುದ್ರಮಟ್ಟದಿಂದ 4,000 ಮೀಟರಿಗೂ ಮಿಗಿಲಾದ ಎತ್ತರ. ಅಂದರೆ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಹೆಚ್ಚು. ಮಳೆ ಅತ್ಯಲ್ಪ. ಚಳಿಗಾಲದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದುಂಟು. ಈ ನೆಲದಲ್ಲಿ ಚಾಂಗ್ಪಾ ಎಂಬ ಅಲೆಮಾರಿ ಪಶುಪಾಲಕರು ಯಾಕ್, ಕುರಿ, ಮೇಕೆಗಳೊಡನೆ ಹುಲ್ಲನ್ನು ಅರಸಿ ಬಿಡಾರದಿಂದ ಬಿಡಾರಕ್ಕೆ ಸಾಗುತ್ತಾರೆ.

ಅವರು ಸಾಕುವ ಚಾಂಗ್ರಾ ಮೇಕೆಯ ಮೈಮೇಲೆ ಎರಡು ಪದರಗಳ ಕೂದಲಿರುತ್ತದೆ. ಹೊರಗಿನದು ಒರಟು. ಅದರಡಿಯಲ್ಲಿ, ಹಗಲು ಕಿರಿದಾಗತೊಡಗಿದಂತೆ, ಚಳಿಯನ್ನು ತಡೆಯಲು ನವಿರಾದ ಒಳಪದರವೊಂದು ಬೆಳೆಯುತ್ತದೆ. ಇದೇ ಪಶ್ಮಿನಾ. ಇದರ ಎಳೆಯ ದಪ್ಪ 12ರಿಂದ 14 ಮೈಕ್ರಾನ್. ಮನುಷ್ಯನ ತಲೆಗೂದಲಿನ ಸುಮಾರು ಐದನೆಯ ಒಂದು ಭಾಗ. ಬೇಸಿಗೆ ಸಮೀಪಿಸಿದಾಗ ಈ ಪದರ ತಾನಾಗಿಯೇ ಸಡಿಲಗೊಳ್ಳುತ್ತದೆ. ಆಗ ಪಶುಪಾಲಕರು ಬಾಚಣಿಗೆಯಿಂದ ಅದನ್ನು ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ವರ್ಷಕ್ಕೆ ದೊರೆಯುವುದು ಸುಮಾರು 250 ಗ್ರಾಂ ಕಚ್ಚಾ ಉಣ್ಣೆ. ಜಿಡ್ಡು, ಮಣ್ಣು, ಒರಟು ಕೂದಲುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಒಂದು ಸ್ವೆಟರಿಗೆ ಮೂರು ನಾಲ್ಕು ಮೇಕೆಗಳ ಇಡೀ ವರ್ಷದ ಬೆಳೆ ಬೇಕು. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಚಾಂಗ್ಪಾ ಜನರ ಬದುಕು ಸುಲಭದ್ದಲ್ಲ. 1959ರ ನಂತರ ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಲ್ಲಿ ಕೆಲವರು ತಮ್ಮ ಹಿಂಡುಗಳೊಡನೆ ಚಾಂಗ್‌ಥಾಂಗಿನಲ್ಲಿಯೇ ನೆಲೆ ನಿಂತರು. ಬೈಲಕುಪ್ಪೆಯ ಕಾಡು ಕಡಿದು ಬೇಸಾಯ ಹೂಡಿದವರೂ ಅದೇ ವಲಸೆಯ ಜನರೇ. 1962ರ ಯುದ್ಧದಿಂದಾಗಿ ಗಡಿಯಾಚೆಗಿನ ಹುಲ್ಲುಗಾವಲುಗಳು ಕೈತಪ್ಪಿದವು. ಹೀಗೆ ಮೇಯುವ ನೆಲ ಕುಗ್ಗಿತು, ಮೇಯುವ ಹಿಂಡು ಹಿಗ್ಗಿತು. ಪಶ್ಮಿನಾದ ಬೆಲೆ ಏರಿದಂತೆ ಹಿಂಡಿನಲ್ಲಿ ಯಾಕ್, ಕುರಿಗಳ ಪಾಲು ತಗ್ಗಿ ಮೇಕೆಗಳ ಪಾಲು ಹೆಚ್ಚಿತು. 2013ರ ಆರಂಭದಲ್ಲಿ ಭಾರಿ ಹಿಮ ಬಿದ್ದು ಮೇವು ಮುಚ್ಚಿಹೋದಾಗ ಸಾವಿರಾರು ಮೇಕೆಗಳೂ ಮರಿಗಳೂ ಸತ್ತವು. ಈಚೆಗೆ ದೊಡ್ಡ ಪ್ರಮಾಣದ ಸೌರವಿದ್ಯುತ್ ಯೋಜನೆಗಳಿಗೂ ಇದೇ ಹುಲ್ಲುಗಾವಲುಗಳ ಮೇಲೆ ಕಣ್ಣು ಬಿದ್ದಿದೆ. ಈ ಆತಂಕವನ್ನು ದೇಶದ ಗಮನಕ್ಕೆ ತರಲು ಸೋನಮ್ ವಾಂಗ್ಚುಕ್ ಮತ್ತು ಸಂಗಡಿಗರು 2024ರ ಏಪ್ರಿಲ್ ತಿಂಗಳಲ್ಲಿ ‘ಪಶ್ಮಿನಾ ಮೆರವಣಿಗೆ’ಯನ್ನು ಸಾರಿದ್ದರು. ನಿಷೇಧಾಜ್ಞೆಯ ಕಾರಣ ಅದನ್ನು ಕೈಬಿಡಬೇಕಾಯಿತು.

ಮಂಗೋಲಿಯ ಕಲಿಸುವ ಪಾಠ

ಲಡಾಖಿನ ಪಶ್ಮಿನಾ ಹೆಸರಾಂತದ್ದಾದರೂ ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಶೇಕಡ 1ರಷ್ಟೂ ಇಲ್ಲ. ಮಾರುಕಟ್ಟೆಗೆ ಬರುವ ಕ್ಯಾಶ್‌ಮೀರಿನ ಬಹುಪಾಲು ಚೀನಾ ಮತ್ತು ಮಂಗೋಲಿಯಗಳದ್ದು. ಮಂಗೋಲಿಯದಲ್ಲಿ 1990ರವರೆಗೆ ಪಶುಪಾಲನೆ ಸರಕಾರಿ ಸಮೂಹ ವ್ಯವಸ್ಥೆಯಡಿಯಲ್ಲಿತ್ತು. ಯಾವ ಹಿಂಡು ಯಾವ ಋತುವಿನಲ್ಲಿ ಎಲ್ಲಿ ಮೇಯಬೇಕೆಂಬ ಕಟ್ಟುಪಾಡು ಇತ್ತು. ಆ ವ್ಯವಸ್ಥೆ ಕುಸಿದಾಗ ನೌಕರಿ ಕಳೆದುಕೊಂಡ ಅಸಂಖ್ಯ ಕುಟುಂಬಗಳು ಹಿಂಡು ಕಟ್ಟಿಕೊಂಡವು. ಮಾಂಸ, ಹಾಲು, ಕುರಿಯುಣ್ಣೆಗೆ ಹೇಳಿಕೊಳ್ಳುವಂಥ ಬೆಲೆಯಿರಲಿಲ್ಲ. ಕೈಗೆ ಕಾಸು ತರುತ್ತಿದ್ದುದು ಕ್ಯಾಶ್‌ಮೀರ್ ಒಂದೇ. 1990ರಲ್ಲಿ ಸುಮಾರು 50 ಲಕ್ಷವಿದ್ದ ಮೇಕೆಗಳ ಸಂಖ್ಯೆ 2019ರ ಹೊತ್ತಿಗೆ 2.9 ಕೋಟಿ ದಾಟಿತ್ತು.

ಪರಿಣಾಮವೇನೆಂಬುದನ್ನು ಸೊಪ್ಪಿನಬೆಟ್ಟದ ಪಕ್ಕದಲ್ಲಿ ಬದುಕುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕೆಂದು ಚಿಗುರುವ ಅವಕಾಶವನ್ನೇ ಕೊಡದೆ ಮರಗಳನ್ನು ಸವರಿದರೆ ಬೆಟ್ಟ ಬೋಳಾಗುತ್ತದೆ, ತೋಟವೂ ಸೊರಗುತ್ತದೆ. ಹುಲ್ಲುಗಾವಲಿನದೂ ಅದೇ ನಿಯಮ. ಬೇರಿನಲ್ಲಿ ಸಂಗ್ರಹವಾದ ಸತ್ವದಿಂದ ಹುಲ್ಲು ಮರಳಿ ಚಿಗುರಬೇಕು. ಚಿಗುರಿದ್ದನ್ನೆಲ್ಲ ಮತ್ತೆ ಮತ್ತೆ ಮೇಯಿಸಿದರೆ ಬೇರು ಬಡವಾಗುತ್ತದೆ, ಮಣ್ಣು ಬಯಲಾಗುತ್ತದೆ, ಗಾಳಿ ಅದನ್ನು ಧೂಳಾಗಿಸಿ ಹೊತ್ತೊಯ್ಯುತ್ತದೆ. ಇದರ ಮೇಲೆ ಏರುತ್ತಿರುವ ಉಷ್ಣಾಂಶವೂ ಕೈಕೊಡುವ ಮಳೆಯೂ ಸೇರಿಕೊಂಡಿವೆ. ಬೇಸಿಗೆಯಲ್ಲಿ ಹೊಟ್ಟೆತುಂಬ ಮೇಯದ ಪಶು ಚಳಿಗಾಲವನ್ನು ತಾಳಲಾರದು. ‘ಜುದ್’ ಎಂದು ಕರೆಯಲಾಗುವ ಘೋರ ಚಳಿಗಾಲದಲ್ಲಿ, 2009-10ರಲ್ಲಿ ಮಂಗೋಲಿಯದ 80 ಲಕ್ಷಕ್ಕೂ ಹೆಚ್ಚು ಸಾಕುಪ್ರಾಣಿಗಳು ಸತ್ತವು. 2023-24ರಲ್ಲಿ ಮತ್ತೆ 70 ಲಕ್ಷಕ್ಕೂ ಹೆಚ್ಚು ಸತ್ತವು.

ನಷ್ಟ ಸಾಕುಪ್ರಾಣಿಗಳದು ಮಾತ್ರವಲ್ಲ. ಜೋಯಲ್ ಬರ್ಜರ್, ಚಾರುದತ್ತ ಮಿಶ್ರಾ ಮೊದಲಾದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕ್ಯಾಶ್‌ಮೀರಿನ ಜಾಗತಿಕ ಮಾರುಕಟ್ಟೆಗೂ ಮಧ್ಯ ಏಷ್ಯಾದ ದೊಡ್ಡ ವನ್ಯಪ್ರಾಣಿಗಳ ಇಳಿಕೆಗೂ ಇರುವ ನಂಟನ್ನು ತೋರಿಸಿಕೊಟ್ಟಿತು. ಮಿಶ್ರಾ ಅವರು ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಮೂಲಕ ಹಿಮಾಲಯದಲ್ಲಿ ಕೆಲಸ ಮಾಡಿದವರು. ಸೈಗಾ, ಚಿರು, ಕಾಡುಯಾಕ್‌ಗಳು ಮೇವಿಗಾಗಿ ಮೇಕೆಗಳೊಡನೆ ಸೆಣಸಬೇಕಾಗುತ್ತದೆ. ಸಹಜ ಬೇಟೆ ಕಡಿಮೆಯಾದಾಗ ಹಿಮಚಿರತೆ ದೊಡ್ಡಿಗೆ ನುಗ್ಗುತ್ತದೆ. ದೊಡ್ಡಿಗೆ ನುಗ್ಗಿದ ಚಿರತೆಯನ್ನು ಪಶುಪಾಲಕ ಕೊಲ್ಲುತ್ತಾನೆ. ಈ ಸರಪಳಿಯ ಇನ್ನೊಂದು ತುದಿಯಲ್ಲಿರುವುದು ಸಾವಿರಾರು ಮೈಲಿ ದೂರದ ಮಳಿಗೆಯೊಂದರಲ್ಲಿ ತೂಗುಹಾಕಿದ ಅಗ್ಗದ ಸ್ವೆಟರ್.

ಇಲ್ಲಿ ಮೇಕೆಯನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಮೇಕೆ ನೂರಾರು ವರ್ಷಗಳಿಂದ ಆ ನೆಲದಲ್ಲಿದೆ. ಪಶುಪಾಲಕನನ್ನು ದೂಷಿಸುವುದೂ ಸಲ್ಲದು. ಒಂದು ಕಿಲೋಗ್ರಾಂ ಉಣ್ಣೆಗೆ ಸಿಗುವ ಬೆಲೆ ಸಾಲದಾದಾಗ ಎರಡು ಕಿಲೋಗ್ರಾಂ ಬೆಳೆಯಲು ಹೊರಡುವುದು ಪ್ರಪಂಚದ ಎಲ್ಲ ಬಡ ರೈತರ ಪಾಡು. ಬದಲಾದದ್ದು ಬೇಡಿಕೆಯ ಸ್ವರೂಪ. ಹಿಂದೆ ತಲೆಮಾರಿಗೆ ಒಂದರಂತೆ ಕೊಳ್ಳುತ್ತಿದ್ದ ಬಟ್ಟೆಯನ್ನು ಈಗ ಎರಡು ಚಳಿಗಾಲಕ್ಕೆ ಒಂದರಂತೆ ಕೊಂಡು ಎಸೆಯಲಾಗುತ್ತಿದೆ.

ಒಂದು ಸರಳ ಲೆಕ್ಕ

ಒಂದು ಸ್ವೆಟರಿಗೆ ನಾಲ್ಕು ಮೇಕೆಗಳ ಒಂದು ವರ್ಷದ ಉಣ್ಣೆ ಬೇಕೆಂದು ಇಟ್ಟುಕೊಳ್ಳೋಣ. ಅದನ್ನು ಎರಡೇ ವರ್ಷ ತೊಟ್ಟು ಎಸೆದು ಮತ್ತೊಂದನ್ನು ಕೊಳ್ಳುವವನಿಗಾಗಿ ಎಂದೆಂದಿಗೂ ಎರಡು ಮೇಕೆಗಳು ಎಲ್ಲಿಯೋ ಮೇಯುತ್ತಿರಬೇಕು. ಅದೇ ಸ್ವೆಟರನ್ನು ಹದಿನಾರು ವರ್ಷ ಜೋಪಾನ ಮಾಡಿ ತೊಟ್ಟವನಿಗೆ ಕಾಲು ಮೇಕೆ ಸಾಕು. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಉಣ್ಣೆಯನ್ನು, ಒಂದೇ ಬೆಲೆ ಕೊಟ್ಟು ಕೊಂಡವರು. ಆದರೆ ಹುಲ್ಲುಗಾವಲಿನ ಮೇಲೆ ಒಬ್ಬನ ಭಾರ ಇನ್ನೊಬ್ಬನದಕ್ಕಿಂತ ಎಂಟು ಪಟ್ಟು.

ಈ ಲೆಕ್ಕ ಹೇಳುವ ಮಾತು ಸ್ಪಷ್ಟವಾಗಿದೆ. ಬಟ್ಟೆ ಯಾವುದರಿಂದ ಆಯಿತು ಎಂಬುದಷ್ಟೇ ಮುಖ್ಯವಾದ ಪ್ರಶ್ನೆ ಅದು ಎಷ್ಟು ವರ್ಷ ಬಾಳಿತು ಎಂಬುದು. ನೈಸರ್ಗಿಕವೆಂಬ ಚೀಟಿಯೊಂದರಿಂದ ಯಾವ ಬಟ್ಟೆಯೂ ಪರಿಸರಸ್ನೇಹಿಯಾಗದು. ತೊಡುವವನ ಕೈಯ ಆರೈಕೆ ಅದನ್ನು ಹಾಗೆ ಮಾಡಬೇಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಸಂಸಾರದ ಖರ್ಚಿಗೆ ಮಾತ್ರ ಅನ್ವಯಿಸುವ ರೂಢಿಯಿದೆ. ಹುಲ್ಲುಗಾವಲಿಗೂ ಅದು ಅಷ್ಟೇ ಒಪ್ಪುತ್ತದೆ.

ಹಾಗಾದರೆ ಕ್ಯಾಶ್‌ಮೀರನ್ನೂ ಉಣ್ಣೆಯನ್ನೂ ಬಿಟ್ಟು ಅಕ್ರಿಲಿಕ್ ತೊಡುವುದೇ ಒಳಿತಲ್ಲವೆ ಎಂದು ಕೆಲವರು ಕೇಳಬಹುದು. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ನೂಲು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 6 ಕಿಲೋಗ್ರಾಂ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದು. ತುಂಗೆ, ಶರಾವತಿ, ಹೇಮಾವತಿಗಳ ಮೂಲದಲ್ಲಿ ವಾಸಿಸುವವರು ಈ ಮಾತನ್ನು ಹಗುರವಾಗಿ ಪರಿಗಣಿಸಲಾಗದು. ಹಾಗೆಂದು ಮನೆಯಲ್ಲಿ ಈಗಾಗಲೇ ಇರುವ ಅಕ್ರಿಲಿಕ್ ಸ್ವೆಟರನ್ನು ಎಸೆಯುವುದೂ ತಪ್ಪು. ಅದನ್ನೂ ಕಡಿಮೆ ಒಗೆದು, ಹರಿಯುವತನಕ ತೊಡುವುದೇ ಸರಿಯಾದ ದಾರಿ.

ಇನ್ನು ಕ್ಯಾಶ್‌ಮೀರನ್ನು ಬಹಿಷ್ಕರಿಸಬೇಕೆಂಬ ವಾದ. ಚಾಂಗ್ಪಾ ಕುಟುಂಬಗಳ ಮುಖ್ಯ ಆದಾಯವೇ ಪಶ್ಮಿನಾ. ಅದನ್ನು ಕಿತ್ತುಕೊಂಡರೆ ಅವರು ಹಿಂಡು ಮಾರಿ ಲೇಹ್ ಪಟ್ಟಣದ ಅಂಚಿಗೆ ಕೂಲಿಗೆ ಬರಬೇಕಾಗುತ್ತದೆ. ಹುಲ್ಲುಗಾವಲನ್ನು ಬಲ್ಲ ಜನರೇ ಅಲ್ಲಿಂದ ಮಾಯವಾಗುತ್ತಾರೆ. ಕಡಿಮೆ ಉಣ್ಣೆಗೆ ಹೆಚ್ಚು ಬೆಲೆ ಸಿಗುವಂತಾದಾಗ ಮಾತ್ರ ಹಿಂಡು ಚಿಕ್ಕದಾದರೂ ಸಂಸಾರ ನಡೆಯಬಲ್ಲದು. ಅದಕ್ಕೆ ಬೇಕಾದುದು ಅಪರೂಪಕ್ಕೊಮ್ಮೆ ಕೊಂಡು, ತಕ್ಕ ಬೆಲೆ ಕೊಟ್ಟು, ದೀರ್ಘಕಾಲ ಬಳಸುವ ಗ್ರಾಹಕರು.

ಆಯ್ಕೆಯ ವಿವೇಕ

ಮೊದಲ ಪ್ರಶ್ನೆ: ಬೇಕೆ? ಮಲೆನಾಡಿನ ಚಳಿ ಚಾಂಗ್‌ಥಾಂಗಿನ ಚಳಿಯಲ್ಲ. ಇಲ್ಲಿ ಡಿಸೆಂಬರ್, ಜನವರಿಯ ಮುಂಜಾವಿಗೆ ಕುರಿಯುಣ್ಣೆಯ ಒಂದು ಸ್ವೆಟರ್ ಧಾರಾಳವಾಗಿ ಸಾಕು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿದ ಹಿರಿಯರಿಗೆ ಉಣ್ಣೆಯ ಗುಣ ಚೆನ್ನಾಗಿ ಗೊತ್ತಿತ್ತು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಹೀರುವಾಗ ಅಲ್ಪ ಶಾಖವನ್ನೂ ಬಿಡುತ್ತದೆ. ಆ ಕಂಬಳಿಯ ಉಣ್ಣೆ ಬಂದದ್ದು ಬಯಲುಸೀಮೆಯ ದಖನಿ ಕುರಿಯಿಂದ. ನೂತು ನೆಯ್ದವರು ಚಳ್ಳಕೆರೆಯಂಥ ಊರುಗಳ ಕುರುಬ ಸಮುದಾಯದವರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿಯಾಗಿ ನೆಯ್ದ ಕಂಬಳಿ ಹಲವು ಮಳೆಗಾಲಗಳನ್ನು ತಾಳುತ್ತಿತ್ತು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ಆದರೂ ಕಂಬಳಿಯ ಬೇಡಿಕೆ ಬತ್ತಿದ್ದರಿಂದ ದಖನಿ ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಉಣ್ಣೆ ತಿಪ್ಪೆಗೆ ಹೋಗುತ್ತಿದೆ. ಕುರಿಗಾರರು ಮಾಂಸಕ್ಕೆಂದು ಉಣ್ಣೆಯಿಲ್ಲದ ತಳಿಗಳತ್ತ ಹೊರಳುತ್ತಿದ್ದಾರೆ. ದಖನಿ ಉಣ್ಣೆ ಒರಟು. ಮೈಗೆ ತಾಗುವ ಸ್ವೆಟರಿಗೆ ಅದು ಹೊಂದದು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಹೊದಿಕೆ, ಹಾಸು, ಅಂಗಿಯ ಮೇಲೆ ತೊಡುವ ಮೇಲಂಗಿಗಳಿಗೆ ಅದಕ್ಕಿಂತ ಗಟ್ಟಿಯಾದುದು ದುರ್ಲಭ. ದೂರದ ನವಿರಾದ ಉಣ್ಣೆಯನ್ನು ಅರಸುವ ಮುನ್ನ ಪಕ್ಕದ ಸೀಮೆಯ ಒರಟು ಉಣ್ಣೆಗೆ ಮನೆಯಲ್ಲಿ ಸ್ಥಳವಿದೆಯೆ ಎಂದು ನೋಡುವುದು ವಿವೇಕ.

ಸ್ವೆಟರನ್ನು ಕೊಳ್ಳಲೇಬೇಕಾದಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ಚೀಟಿಯಲ್ಲಿ ಉಣ್ಣೆಯ ಪ್ರಮಾಣ ಶೇಕಡ ಎಷ್ಟೆಂದು ಓದಬೇಕು. ಹೆಣಿಗೆಯನ್ನು ಬೆಳಕಿಗೆ ಹಿಡಿದರೆ ಕುಣಿಕೆಗಳು ಒತ್ತಾಗಿಯೂ ಸಮವಾಗಿಯೂ ಕಾಣಬೇಕು. ಅಂಚನ್ನು ಮೆಲ್ಲನೆ ಎಳೆದು ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳಬೇಕು. ಒಂಟಿ ಎಳೆಯ ನೂಲಿಗಿಂತ ಎರಡೆಳೆ ಹುರಿ ಮಾಡಿದ ನೂಲು ಹೆಚ್ಚು ಬಾಳುತ್ತದೆ. ಅಂಗಡಿಯಲ್ಲಿಯೇ ಮೋಡದಂತೆ ಮೆತ್ತಗಿದ್ದು ನವಿರು ಕೂದಲು ಮೇಲೆದ್ದಿರುವ ಸ್ವೆಟರ್ ಆಕರ್ಷಕವಾಗಿ ತೋರಬಹುದು. ಆದರೆ ಆ ಮೃದುತ್ವ ಅನೇಕ ವೇಳೆ ಗಿಡ್ಡ ಎಳೆಗಳನ್ನು ಅತಿಯಾಗಿ ಉಜ್ಜಿ ತಂದದ್ದು. ಅಂಥದು ಬೇಗನೆ ಗುಂಜುಗಟ್ಟಿ ಸವೆಯುತ್ತದೆ. ಉದ್ದ ಎಳೆಯ ಉಣ್ಣೆ ಮೊದಲು ತುಸು ಬಿಗುವಾಗಿದ್ದು ತೊಡುತ್ತ ತೊಡುತ್ತ ಮೃದುವಾಗುತ್ತದೆ.

ಬೀದಿಬದಿಯಲ್ಲಿ ಮುನ್ನೂರು ರೂಪಾಯಿಗೆ ದೊರೆಯುವ ‘ಪಶ್ಮಿನಾ’ ಶಾಲು ಪಶ್ಮಿನಾ ಆಗಿರಲಾರದು. ಅದು ವಿಸ್ಕೋಸ್ ಅಥವಾ ಅಕ್ರಿಲಿಕ್. ಒಳಹೊಲಿಗೆಯಿಂದ ಒಂದು ಸಡಿಲ ಎಳೆ ತೆಗೆದು ಸುಟ್ಟು ನೋಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಕುರಿಯುಣ್ಣೆಯೋ ಪಶ್ಮಿನಾವೋ ಎಂಬುದು ಈ ಪರೀಕ್ಷೆಯಿಂದ ತಿಳಿಯದು. ಕಾಶ್ಮೀರದ ಪಶ್ಮಿನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಕೈಯಲ್ಲಿ ನೂತು ಕೈಮಗ್ಗದಲ್ಲಿ ನೆಯ್ದ ಬಟ್ಟೆಗೆ ಸಲ್ಲುವಂಥದು, ಯಂತ್ರದಲ್ಲಿ ಹೆಣೆದ ಸ್ವೆಟರಿಗಲ್ಲ. 2019ರಲ್ಲಿ ಭಾರತೀಯ ಮಾನಕ ಬ್ಯೂರೋ ಪಶ್ಮಿನಾ ಉತ್ಪನ್ನಗಳ ಗುರುತು ಮತ್ತು ಚೀಟಿಗೆ ಮಾನದಂಡವನ್ನು ಪ್ರಕಟಿಸಿತು. 2023ರಲ್ಲಿ ಲಡಾಖಿನ ಪಶ್ಮಿನಾಕ್ಕೂ ಭೌಗೋಳಿಕ ಸೂಚಕ ಲಭಿಸಿತು. ಶಾತೂಷ್ ಎಂಬ ಹೆಸರಿನಲ್ಲಿ ಯಾರಾದರೂ ಶಾಲು ತೋರಿದರೆ ಅದನ್ನು ಮುಟ್ಟಲೂ ಬಾರದು. ಅದು ಚಿರು ಎಂಬ ಕಾಡುಪ್ರಾಣಿಯನ್ನು ಕೊಂದು ತೆಗೆದ ಉಣ್ಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದರ ವ್ಯಾಪಾರ ಅಪರಾಧ.

ಮೆರಿನೋ ಕುರಿಯುಣ್ಣೆಯಲ್ಲಿಯೂ ಪ್ರಶ್ನೆಗಳಿಲ್ಲದಿಲ್ಲ. ನೊಣದ ಹುಳು ಬೀಳದಿರಲೆಂದು ಮರಿಯ ಹಿಂಭಾಗದ ಚರ್ಮವನ್ನು ಕತ್ತರಿಸಿ ತೆಗೆಯುವ ಮ್ಯೂಲ್ಸಿಂಗ್ ಎಂಬ ಕ್ರೂರ ಪದ್ಧತಿ ಆಸ್ಟ್ರೇಲಿಯದಲ್ಲಿದೆ. ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ಪ್ರಾಣಿಗಳ ಕ್ಷೇಮವನ್ನೂ ಮೇಯುವ ನೆಲವನ್ನೂ ಪರಿಶೀಲಿಸುವ ಪ್ರಮಾಣಪತ್ರಗಳು ಈಗ ಇವೆ. ಅವು ನೆರವಾಗಬಲ್ಲವು, ಆದರೆ ಪ್ರಮಾಣಪತ್ರವಿರುವ ಹತ್ತು ಸ್ವೆಟರುಗಳಿಗಿಂತ ಅದಿಲ್ಲದ ಒಂದೇ ಸ್ವೆಟರನ್ನು ಇಪ್ಪತ್ತು ವರ್ಷ ತೊಡುವುದು ಭೂಮಿಗೆ ಹಗುರ. ಹಳೆಯ ಉಣ್ಣೆಯನ್ನು ಬಿಡಿಸಿ ಮತ್ತೆ ನೂತು ಕಂಬಳಿ ಮಾಡುವ ದೊಡ್ಡ ಉದ್ಯಮ ಹರಿಯಾಣದ ಪಾಣಿಪತ್‌ನಲ್ಲಿದೆ. ಅಂಥ ಮರುಬಳಕೆಯ ಉಣ್ಣೆಯಿಂದ ಹೊಸ ಮೇಕೆಯ ಅಗತ್ಯ ಬೀಳುವುದಿಲ್ಲ.

ಆರೈಕೆಯ ವಿಜ್ಞಾನ

ಉಣ್ಣೆ ಸಸ್ಯದ ನಾರಲ್ಲ. ಕೂದಲು, ಉಗುರುಗಳಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಎಳೆಯ ಮೇಲೆ ಮೀನಿನ ಮೈಯಂತೆ ಸೂಕ್ಷ್ಮ ಹುರುಪೆಗಳಿವೆ. ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪನೆಯ ಹಲಗೆಯಂತಾಗುತ್ತದೆ. ಹಾಗೆ ಕುಗ್ಗಿದ್ದು ಮರಳಿ ಹಿಗ್ಗದು. ಬಾರ್ ಸೋಪು, ಸೋಡಾಗಳ ಕ್ಷಾರ ಕೆರಾಟಿನ್ ಅನ್ನು ದುರ್ಬಲಗೊಳಿಸುತ್ತದೆ. ಕಲೆ ತೆಗೆಯಲೆಂದು ಕೆಲವು ಪುಡಿಗಳಲ್ಲಿ ಬೆರೆಸುವ ಕಿಣ್ವಗಳು ಪ್ರೋಟೀನನ್ನೇ ಜೀರ್ಣಿಸುವಂಥವು. ಅವು ಕಲೆಯ ಜೊತೆಗೆ ಉಣ್ಣೆಯನ್ನೂ ತಿನ್ನುತ್ತವೆ. ಬ್ಲೀಚಿಂಗ್ ದ್ರಾವಣವಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ಆದುದರಿಂದ ಮೊದಲ ನಿಯಮ, ಕಡಿಮೆ ಒಗೆಯುವುದು. ಉಣ್ಣೆ ಬೆವರಿನ ವಾಸನೆಯನ್ನು ಬೇಗ ಹಿಡಿಯದು. ತೊಟ್ಟ ಮೇಲೆ ಒಂದು ರಾತ್ರಿ ಗಾಳಿಗೆ ಹರವಿದರೆ ಸಾಮಾನ್ಯವಾಗಿ ಸಾಕು. ಒಳಗೆ ಹತ್ತಿಯ ಅಂಗಿ ಇದ್ದರೆ ಇಡೀ ಚಳಿಗಾಲಕ್ಕೆ ಒಂದೆರಡು ಬಾರಿ ಒಗೆದರೂ ನಡೆಯುತ್ತದೆ. ಒಗೆಯುವಾಗ ತಣ್ಣೀರಿನಲ್ಲಿ ಅಂಟುವಾಳದ ನೊರೆ ಬೆರೆಸಿ, ಹತ್ತು ನಿಮಿಷ ನೆನೆಸಿ, ಕೈಯಿಂದ ಮೆಲ್ಲನೆ ಅದುಮಬೇಕು. ಅಂಟುವಾಳ ಕ್ಷಾರೀಯವಲ್ಲ, ರೇಷ್ಮೆ, ಉಣ್ಣೆಗಳಿಗೆ ಅದನ್ನು ಬಳಸುವ ರೂಢಿ ಹಳೆಯದು. ಬಿಳಿಯ ಉಣ್ಣೆಗೆ ಮಾತ್ರ ಕಂದು ಛಾಯೆ ತಗಲದಂತೆ ನೊರೆನೀರನ್ನು ಸೋಸಿ ತೆಳುವಾಗಿ ಬಳಸಬೇಕು. ಕಲ್ಲಿಗೆ ಬಡಿಯಬಾರದು, ಹಿಂಡಬಾರದು. ಒಣಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಹೀರಿಕೊಳ್ಳುತ್ತದೆ. ಅನಂತರ ನೆರಳಿನಲ್ಲಿ ಚಾಪೆಯ ಮೇಲೆ ಚಪ್ಪಟೆಯಾಗಿ ಹರವಬೇಕು. ತಂತಿಯ ಮೇಲೆ ತೂಗುಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಶಾಖಕ್ಕೆ ಒರಟಾಗುತ್ತದೆ, ಹೊಗೆಯೂ ಹಿಡಿಯುತ್ತದೆ. ಬೀರುವಿನಲ್ಲಿಯೂ ಸ್ವೆಟರನ್ನು ಮಡಿಸಿಡಬೇಕೇ ಹೊರತು ತೂಗುಹಾಕಬಾರದು.

ಮೇಲೆದ್ದ ಗುಂಜುಗಳನ್ನು ಕೈಯಿಂದ ಕೀಳದೆ ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ತೂತು ಕಿರುಬೆರಳಿನಷ್ಟಿದ್ದಾಗಲೇ ಅದೇ ಬಣ್ಣದ ನೂಲಿನಿಂದ ರಫೂ ಮಾಡಿದರೆ ಸ್ವೆಟರ್ ಉಳಿಯುತ್ತದೆ. ಅಂಗೈಯಗಲವಾದ ಮೇಲೆ ಅದು ನೆಲ ಒರೆಸುವ ಬಟ್ಟೆ.

ಮಲೆನಾಡಿನಲ್ಲಿ ಉಣ್ಣೆಯ ದೊಡ್ಡ ಶತ್ರು ಮಳೆಗಾಲ. ಆರಿದ್ರೆಯಿಂದ ಮೊದಲ್ಗೊಂಡು ಮೂರು ತಿಂಗಳು ಗೋಡೆಯೇ ಬೆವರುವಾಗ ಪೆಟ್ಟಿಗೆಯೊಳಗಿನ ಬಟ್ಟೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು ಶತ್ರು ಉಣ್ಣೆಹುಳು. ಹಾರಾಡುವ ಚಿಕ್ಕ ಪತಂಗ ಉಣ್ಣೆಯನ್ನು ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಹೊರಬರುವ ಮರಿಹುಳು ತಿನ್ನುತ್ತದೆ. ಬೆವರು, ಎಣ್ಣೆ, ಅನ್ನದ ಕಲೆ ಇದ್ದ ಜಾಗ ಅದಕ್ಕೆ ಹೆಚ್ಚು ಪ್ರಿಯ. ಹಾಗಾಗಿ ಬೇಸಿಗೆಯಲ್ಲಿಯೇ ಸ್ವೆಟರನ್ನು ಒಗೆದು, ಪೂರ್ಣ ಒಣಗಿಸಿ, ಬ್ರಷ್‌ನಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿಯೋ ಬಿಗಿಯಾದ ಚೀಲದಲ್ಲಿಯೋ ಇಡಬೇಕು. ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದ ದಿನ ಹೊರತೆಗೆದು ಒಂದೆರಡು ಗಂಟೆ ಬಿಸಿಲು ಕಾಣಿಸಬೇಕು. ಹುಳುವಿನ ಸಂಶಯವಿದ್ದರೆ ಚೀಲದಲ್ಲಿ ಕಟ್ಟಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಹುಳುವೂ ಸಾಯುತ್ತವೆ. ಬೇವು, ಲಕ್ಕಿ ಸೊಪ್ಪುಗಳನ್ನು ಇಡುವ ವಾಡಿಕೆ ಒಳ್ಳೆಯದೇ. ಆದರೆ ಅವುಗಳನ್ನಷ್ಟೇ ನಂಬಿ ಕೊಳೆಯಾದ ಸ್ವೆಟರನ್ನು ಮಡಿಸಿಡಬಾರದು. ನುಸಿಗುಳಿಗೆ ಅಥವಾ ಡಾಂಬರು ಗುಳಿಗೆ ಎಂದು ಕರೆಯುವ ನಾಫ್ತಲೀನ್ ಅನ್ನು ದೂರವಿಡುವುದೇ ಕ್ಷೇಮ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 2002ರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹುಟ್ಟಿನಿಂದಲೇ ಕೆಲವು ಶಿಶುಗಳಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುತ್ತದೆ. ಅಂಥ ಶಿಶುಗಳಿಗೆ ಆ ಗುಳಿಗೆಯ ವಾಸನೆ ತುಂಬಿದ ಹೊದಿಕೆಯಿಂದ ರಕ್ತಕಣಗಳು ಒಡೆದು ಪ್ರಾಣಾಪಾಯವಾಗಬಹುದು. ಕೂಸಿನ ಉಣ್ಣೆಬಟ್ಟೆಗೆ ಅದನ್ನು ಎಂದೂ ಹಾಕಕೂಡದು.

ಊರುಗಳು ಮಾಡಬಹುದಾದ ಕೆಲಸ

ಇವೆಲ್ಲ ಮನೆಯೊಳಗಿನ ಸಣ್ಣ ಸಂಗತಿಗಳೆಂದು ಪರಿಸರ ಚಳವಳಿ ಇವನ್ನು ಕಡೆಗಣಿಸುತ್ತ ಬಂದಿದೆ. ಅಣೆಕಟ್ಟು, ಗಣಿ, ರಸ್ತೆಗಳ ವಿರುದ್ಧ ದನಿಯೆತ್ತುವಷ್ಟೇ ಗಂಭೀರವಾಗಿ ಪೆಟ್ಟಿಗೆಯ ಸ್ವೆಟರಿನ ಬಗೆಗೆ ಮಾತನಾಡಲು ಸಂಕೋಚವಿದೆ. ಆದರೆ ತನ್ನ ಬೆಟ್ಟವನ್ನು ಉಳಿಸಿಕೊಳ್ಳಲು ಹೋರಾಡುವ ಸೀಮೆ ಇನ್ನೊಂದು ಎತ್ತರದ ಸೀಮೆಯ ಹುಲ್ಲನ್ನು ಅರಿಯದೆಯೇ ತಿಂದು ತೇಗುವುದು ಹೋರಾಟದ ನೈತಿಕತೆಗೆ ಒಪ್ಪುವಂಥದಲ್ಲ. ಪಶ್ಚಿಮ ಘಟ್ಟದ ಕಾಫಿ, ಏಲಕ್ಕಿ, ಮೆಣಸುಗಳನ್ನು ಕೊಳ್ಳುವ ದೂರದ ನಗರದವರು ಇಲ್ಲಿನ ಕಾಡಿನ ಬಗೆಗೆ ಯೋಚಿಸಲೆಂದು ಬಯಸುವವರು, ಚಾಂಗ್‌ಥಾಂಗಿನ ಹುಲ್ಲಿನ ಬಗೆಗೆ ತಾವೂ ಯೋಚಿಸಬೇಕಾಗುತ್ತದೆ.

ಮಾಡಬಹುದಾದ ಕೆಲಸ ದೊಡ್ಡದಲ್ಲ. ಶಾಲಾ ಕಾಲೇಜುಗಳ ಇಕೋ ಕ್ಲಬ್ಬುಗಳು ಪ್ರತಿ ಮನೆಯಲ್ಲಿ ಎಷ್ಟು ಸ್ವೆಟರುಗಳಿವೆ, ಅವು ಯಾವ ನೂಲಿನವು, ಎಷ್ಟು ವರ್ಷ ಹಳೆಯವು ಎಂಬ ಸಮೀಕ್ಷೆ ನಡೆಸಬಹುದು. ವಿಜ್ಞಾನ, ಗಣಿತ, ಸಮಾಜಶಾಸ್ತ್ರ ಮೂರಕ್ಕೂ ಅದು ಪಾಠವಾಗುತ್ತದೆ. ಮಹಿಳಾ ಸಂಘಗಳು ಚಳಿಗಾಲಕ್ಕೆ ಮುಂಚೆ ಒಂದು ದಿನ ರಫೂ ಶಿಬಿರ ಏರ್ಪಡಿಸಬಹುದು. ಹೆಣಿಗೆ, ರಫೂ ಬಲ್ಲ ಅಜ್ಜಿಯರು ಹಲವು ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಕೈಗೆಲಸ ಮೊಮ್ಮಕ್ಕಳಿಗೆ ದಾಟುವ ಮೊದಲೇ ಕಳೆದುಹೋಗಬಾರದು. ಮಕ್ಕಳು ಬೆಳೆದಂತೆ ಗಿಡ್ಡವಾದ ಸ್ವೆಟರುಗಳು ಮನೆಯಿಂದ ಮನೆಗೆ ಸಾಗುವ ಹಿಂದಿನ ಪದ್ಧತಿಯನ್ನು ನಾಚಿಕೆಯಿಲ್ಲದೆ ಮರಳಿ ತರಬೇಕು. ಸಹಕಾರ ಸಂಘಗಳು ತಮ್ಮ ಮಳಿಗೆಗಳಲ್ಲಿ ಬಯಲುಸೀಮೆಯ ಕಂಬಳಿಗೆ ಒಂದು ಮೂಲೆಯನ್ನು ಕೊಡಬಹುದು.

ಈ ಚಳಿಗಾಲಕ್ಕೆ ಹೊಸ ಸ್ವೆಟರ್ ಕೊಳ್ಳಲು ಪೇಟೆಗೆ ಹೊರಡುವ ಮುನ್ನ ಪೆಟ್ಟಿಗೆಯಲ್ಲಿರುವುದನ್ನು ಹೊರತೆಗೆದು, ಬೆಳಕಿಗೆ ಹಿಡಿದು, ತೂತು ಎಲ್ಲಿದೆಯೆಂದು ನೋಡಬೇಕು. ತೂತು ಚಿಕ್ಕದಿದ್ದರೆ ಸೂಜಿ ನೂಲು ಸಾಕು. ಪೇಟೆಗೆ ಹೋಗುವ ಅಗತ್ಯವೇ ಇಲ್ಲ.